ಮುಂದೆ ನಿಂತ ಹಿಂಬಾಲಕರು

20 ಅಡಿ ಅಗಲದ, 10 ಅಡಿ ಎತ್ತರದ ಫ್ಲೆಕ್ಸಿನ ಮೇಲೆ 42 ಮುಖಗಳನ್ನು ಕೂರಿಸಿಯಾದ ಮೇಲೆ ಕೆಳಗೆ ಒಂದು ಗೇಣಿನಷ್ಟು ಜಾಗ ಉಳಿದಿತ್ತು. ಮೇಲೆ ಕೈಮುಗಿದು ನಗುತ್ತಿರುವ ನಾಯಕರಿಗೂ ಕೆಳಗೆ ನಗುತ್ತಿರುವ 42 ಮಂದಿಗೂ ಇರುವ ಸಂಬಂಧವೇನು ಎಂಬುದನ್ನು ಆ ಜಾಗದಲ್ಲಿ ಒಂದೇ ಪದದಲ್ಲಿ ಹೇಳಬೇಕಾಗಿತ್ತು. ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನ ಮುಂದೆ ಎರಡು ತಾಸು ಕಳೆದರೂ ಪದ ಸಿಗದೆ, ಐದು ಜನರ ಸಮಿತಿಯೊಂದು, ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾಗಿ ಬೆಂಗಳೂರಿನ ಹನುಮಂತನಗರದಲ್ಲಿ ತೆಪ್ಪಗೆ ಕುಳಿತಿದ್ದ ನನ್ನನ್ನು ಹುಡುಕಿಕೊಂಡು ರಾತ್ರಿ ಒಂಬತ್ತೂವರೆಗೆ ಮನೆಗೆ ಬಂದಿತು. ನಿವೃತ್ತ ಕನ್ನಡ ಮೇಷ್ಟರನ್ನು ಈ ಊರು ನೆನೆಯುವುದು ಎರಡೇ ಸಂದರ್ಭಗಳಲ್ಲಿ; ಲಗ್ನಪತ್ರಿಕೆಯ ಕರಡು ತಿದ್ದಿಸಲು, ನವೆಂಬರಿನಲ್ಲಿ ಬಾವುಟ ಹಾರಿಸಿದ ಮೇಲೆ ಭಾಷಣ ಮಾಡಿಸಲು. ಇದು ಮೂರನೆಯದಾಗಿತ್ತು.

ನಾಯಕರ ಹುಟ್ಟುಹಬ್ಬ ಅಕ್ಟೋಬರಿನ ಕೊನೆಗೆ ಬೀಳುವುದರಿಂದ ಅದೇ ಫ್ಲೆಕ್ಸಿನಲ್ಲಿ ರಾಜ್ಯೋತ್ಸವದ ಶುಭಾಶಯವನ್ನೂ ಮುಗಿಸಿಬಿಡುವುದು ಸಮಿತಿಯ ಮಿತವ್ಯಯದ ಯೋಜನೆ. ತಾಯಿ ಭುವನೇಶ್ವರಿಗೆ ಎಡಮೂಲೆಯಲ್ಲಿ ಪಾಸ್‌ಪೋರ್ಟ್ ಅಳತೆಯ ಜಾಗ ದೊರೆತಿತ್ತು. ನಾಯಕರ ಹೆಸರಿನ ಕೆಳಗೆ ‘ಬಾವಿ ಕಾರ್ಪೊರೇಟರ್’ ಎಂದಿದ್ದುದನ್ನು ನಾನು ‘ಭಾವಿ’ ಎಂದು ತಿದ್ದಿದೆ. ನಮ್ಮ ಬಡಾವಣೆಯ ಬಾವಿಗಳು ಬತ್ತಿ ಎಷ್ಟೋ ಕಾಲವಾಗಿದ್ದರೂ ಭಾವಿಗಳು ಮಾತ್ರ ಎಂದೂ ಬತ್ತಿದವರಲ್ಲ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಸದಸ್ಯರ ಅವಧಿ ಮುಗಿದ ಮೇಲೆ ಈ ನಗರ ವರ್ಷಗಟ್ಟಲೆ ಚುನಾಯಿತ ಕಾರ್ಪೊರೇಟರ್ ಎಂಬುವನ ಮುಖವನ್ನೇ ಕಾಣಲಿಲ್ಲ. ಆ ನಡುವೆ ವಾರ್ಡುಗಳು 198 ಇದ್ದದ್ದು ಕಾಗದದಲ್ಲಿ 243 ಆಗಿ, ಮತ್ತೆ 225ಕ್ಕೆ ಇಳಿದು, ಕೊನೆಗೆ 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಐದು ಹೋಳಾಯಿತು. ಇಷ್ಟೆಲ್ಲ ನಡೆದರೂ ನಮ್ಮ ನಾಯಕರು ಭಾವಿಯಾಗಿಯೇ ಉಳಿದರು. ಹುದ್ದೆ ಇಲ್ಲದ, ವಾರ್ಡು ಯಾವುದೆಂದು ಗೊತ್ತಿಲ್ಲದ ಮನುಷ್ಯನ ಹಿಂದೆ 42 ಜನ ನಿಂತಿದ್ದಾರೆಂದರೆ ಅವರಿಗೆ ತಕ್ಕ ಹೆಸರೊಂದನ್ನು ಕೊಡುವುದು ಭಾಷೆಯ ಕರ್ತವ್ಯವಲ್ಲವೆ ಎಂದು ನಾನು ಕನ್ನಡಕ ಹಾಕಿಕೊಂಡು ಕುಳಿತೆ.

‘ಶುಭ ಕೋರುವವರು’ ಎಂದು ಹಾಕಿದರೆ ಮುಗಿಯುತ್ತದಲ್ಲ ಎಂದೆ. ಅದು ಬೇಡವಂತೆ. ಶುಭ ಕೋರುವವನು ಯಾರಿಗಾದರೂ ಕೋರಬಹುದು, ಪಕ್ಕದ ಬೀದಿಯ ಇನ್ನೊಬ್ಬ ಭಾವಿಗೂ ಕೋರಬಹುದು, ಅದರಲ್ಲಿ ನಿಷ್ಠೆ ಕಾಣುವುದಿಲ್ಲ ಎಂದು ಅಧ್ಯಕ್ಷರು ವಿವರಿಸಿದರು. ‘ಅಭಿಮಾನಿಗಳು’ ಎಂದೆ. ಡಾ. ರಾಜ್‌ಕುಮಾರ್ ಅಭಿಮಾನಿಗಳನ್ನು ದೇವರು ಎಂದು ಕರೆದುಬಿಟ್ಟಿದ್ದಾರೆ, ನಾವು ದೇವರಾದರೆ ನಮ್ಮ ಅಣ್ಣ ನಮಗೇ ಕೈಮುಗಿಯಬೇಕಾಗುತ್ತದೆ, ಅದು ಚೆನ್ನಾಗಿರುವುದಿಲ್ಲ ಎಂದರು. ಫ್ಲೆಕ್ಸಿನಲ್ಲಿ ಅಣ್ಣ ಆಗಲೇ ಕೈಮುಗಿದಿದ್ದಾರೆ ಎಂಬುದನ್ನು ನಾನು ಹೇಳಲು ಹೋಗಲಿಲ್ಲ. ‘ಬೆಂಬಲಿಗರು’ ಎಂಬ ಪದ ಪತ್ರಿಕೆಗಳಲ್ಲಿ ‘ಎರಡು ಗುಂಪುಗಳ ನಡುವೆ ಮಾರಾಮಾರಿ’ ಎಂಬ ಸಾಲಿನ ಹತ್ತಿರವೇ ಸುಳಿದಾಡುವುದರಿಂದ ಅದೂ ಬಿದ್ದುಹೋಯಿತು. ‘ಕಾರ್ಯಕರ್ತರು’ ಎಂದಾಗ ಐವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ಸುಮ್ಮನಾದರು. ಆ ಪದದಲ್ಲಿ ಕಾರ್ಯವೂ ಇದೆ, ಅದನ್ನು ಮಾಡುವ ಕರ್ತನೂ ಇದ್ದಾನೆ. ಅಷ್ಟು ದೊಡ್ಡ ಆರೋಪವನ್ನು ಸಾರ್ವಜನಿಕವಾಗಿ ಹೊರಲು ಯಾರೂ ಸಿದ್ಧರಿರಲಿಲ್ಲ.

ಆಗ ಸಮಿತಿಯಲ್ಲಿ ಎಲ್ಲರಿಗಿಂತ ಕಿರಿಯನಾದ ಹುಡುಗ ‘ಹಿಂಬಾಲಕರು’ ಎಂಬ ಸಲಹೆ ಕೊಟ್ಟ. ಅವನ ಮೊಬೈಲಿನಲ್ಲಿ ಹಾಗೆಯೇ ಇದೆಯಂತೆ. ಅವನಿಗೆ 38 ಸಾವಿರ ಹಿಂಬಾಲಕರಿದ್ದಾರಂತೆ. ಖಜಾಂಚಿಗಳು ಮುಖ ಸಿಂಡರಿಸಿ, “ಅದರಲ್ಲಿ ಬಾಲ ಇದೆಯಲ್ಲಪ್ಪಾ” ಎಂದರು. ಕನ್ನಡದಲ್ಲಿ ಈ ವರ್ಗದವರಿಗೆ ಬಾಲ ತಪ್ಪಿದ್ದಲ್ಲ. ಬಾಲಬಡುಕ ಎಂಬವನು ಬಾಲವನ್ನು ಬಡಿದು ಬದುಕುತ್ತಾನೆ. ಬಾಲಂಗೋಚಿ ಎಂಬುದನ್ನು ನಾವು ಬೈಗುಳವಾಗಿ ಬಳಸುತ್ತೇವಾದರೂ ಅದು ಮಾನವಂತ ಪದ. ಗಾಳಿಪಟದ ತುದಿಗೆ ಕಟ್ಟುವ ಆ ಬಟ್ಟೆಯ ಚೂರು ಇಲ್ಲದಿದ್ದರೆ ಪಟ ಗಿರಗಿರನೆ ಸುತ್ತಿ ಮೂತಿ ಮುಂದಾಗಿ ನೆಲಕ್ಕೆ ಬೀಳುತ್ತದೆ. ಇಷ್ಟು ಉಪಕಾರವನ್ನು ಮಾಡುವ ಬಾಲಂಗೋಚಿಗಳು ನಮ್ಮ ರಾಜಕೀಯದಲ್ಲಿ ನನಗೆ ಕಂಡಿಲ್ಲ. ಚೇಲಾ, ಚಮಚಾ ಎಂಬಿವು ಉತ್ತರದಿಂದ ಬಂದವು. ಬಕೆಟ್ ಹಿಡಿಯುವುದು ಎಂಬುದು ಮಾತ್ರ ನಾವೇ ಕಷ್ಟಪಟ್ಟು ಬೆಳೆಸಿದ ನುಡಿಗಟ್ಟು. ಊರಿನ ಅರ್ಧ ಭಾಗ ಬೇಸಗೆಯಲ್ಲಿ ಟ್ಯಾಂಕರ್ ನೀರಿಗಾಗಿಯೂ ಉಳಿದರ್ಧ ವರ್ಷವಿಡೀ ಬಡ್ತಿಗಾಗಿಯೂ ಬಕೆಟ್ ಹಿಡಿದಿರುವುದರಿಂದ ಅದರ ಬಳಕೆ ಸದ್ಯಕ್ಕೆ ಕಡಿಮೆಯಾಗುವ ಲಕ್ಷಣವಿಲ್ಲ.

ಅಚ್ಚಗನ್ನಡದಲ್ಲಿ ಹಿಂದೆ ಬರುವವನಿಗೆ ಇರುವ ಪದಗಳೆಲ್ಲ ಬೆನ್ನಿನಿಂದಲೇ ಹುಟ್ಟಿದವು ಎಂಬುದನ್ನು ನಾನು ಸಮಿತಿಗೆ ವಿವರಿಸಿದೆ. ಬೆನ್ನಿಗೆ ಬಲವಾದವನು ಬೆಂಬಲಿಗ, ಬೆನ್ನಿಗೆ ಕಾವಲಾದವನು ಬೆಂಗಾವಲು, ಬೆನ್ನು ಹಿಡಿದವನು ಬೆಂಬತ್ತಿದವನು, ಓಡಿಸಿಕೊಂಡು ಹೋದವನು ಬೆನ್ನಟ್ಟಿದವನು. ಬೆಂಗಳೂರು ಎಂಬ ಹೆಸರಿಗೂ ‘ಬೆಂಗಾವಲಿನವರ ಊರು’ ಎಂದು ಅರ್ಥ ಹೇಳುವವರಿದ್ದಾರೆ. ಅಂದರೆ ಈ ಪದಗಳಲ್ಲೆಲ್ಲ ಒಂದು ಕರಾರು ಇದೆ: ಮುಂದೆ ಒಬ್ಬನ ಬೆನ್ನು ಕಾಣಬೇಕು. ಫ್ಲೆಕ್ಸಿನಲ್ಲಿ 43 ಮುಖಗಳಿವೆ, ಒಂದು ಬೆನ್ನೂ ಇಲ್ಲ. ಎಲ್ಲರೂ ರಸ್ತೆಯ ಕಡೆಗೇ ನೋಡುತ್ತಿರುವ ಈ ಚಿತ್ರದಲ್ಲಿ ಯಾರು ಯಾರ ಹಿಂದೆ ಹೋಗುತ್ತಿದ್ದಾರೆಂದು ದಾರಿಹೋಕನಿಗೆ ಹೇಗೆ ಗೊತ್ತಾಗಬೇಕು ಎಂದು ಕೇಳಿದೆ. “ಅಣ್ಣನ ಫೋಟೋ ದೊಡ್ಡದಾಗಿದೆಯಲ್ಲ ಮೇಷ್ಟ್ರೇ” ಎಂದು ಅಧ್ಯಕ್ಷರು ನನ್ನ ಅಜ್ಞಾನಕ್ಕೆ ಮರುಗಿದರು.

ಕೊನೆಗೆ ‘ಅನುಯಾಯಿಗಳು’ ಎಂಬುದು ನಿಂತಿತು. ಅದು ಸಂಸ್ಕೃತದ್ದು, ತೂಕವಾಗಿದೆ, ಬಾಲವಿಲ್ಲ. ‘ಯಾ’ ಎಂಬ ಧಾತುವಿಗೆ ಹೋಗು ಎಂದು ಅರ್ಥ, ‘ಅನು’ ಎಂದರೆ ಹಿಂದೆ, ಬಳಿಕ. ಹಿಂದೆ ಹೋಗುವವನು ಅನುಯಾಯಿ. ಹಿಂದೆ ಹುಟ್ಟಿದವನು ಅನುಜ, ಹಿಂದಿನಿಂದ ಹೇಳಿದ್ದು ಅನುವಾದ, ಮಾಡಿದವನನ್ನು ನೋಡಿ ಮಾಡಿದ್ದು ಅನುಕರಣ. ಹಿಂಬಾಲಕನಿಗೂ ಅನುಯಾಯಿಗೂ ಬಳಕೆಯಲ್ಲಿ ಒಂದು ಅಂತರವಿದೆ. ಹಿಂಬಾಲಿಸಲು ಕಣ್ಣೆದುರು ನಡೆಯುವ ಮನುಷ್ಯ ಬೇಕು. ಅವನು ಹೋಟೆಲಿಗೆ ಹೋದರೆ ಹೋಟೆಲಿಗೆ, ಪಕ್ಷ ಬಿಟ್ಟರೆ ಪಕ್ಷದಾಚೆಗೆ ಹೋಗಬೇಕು. ಅನುಯಾಯಿಗೆ ಮನುಷ್ಯನಿಗಿಂತ ಅವನು ತುಳಿದ ದಾರಿ ಮುಖ್ಯ. ಆದುದರಿಂದಲೇ ಎರಡೂವರೆ ಸಾವಿರ ವರ್ಷದ ಹಿಂದಿನ ಬುದ್ಧನಿಗೆ ಇಂದಿಗೂ ಅನುಯಾಯಿಗಳಿದ್ದಾರೆ ಎನ್ನುತ್ತೇವೆ, ಹಿಂಬಾಲಕರಿದ್ದಾರೆ ಎನ್ನುವುದಿಲ್ಲ. ಇದನ್ನೆಲ್ಲ ತಾಳ್ಮೆಯಿಂದ ಕೇಳಿದ ಖಜಾಂಚಿಗಳು, ನಮ್ಮ ಅಣ್ಣ ತುಳಿದ ದಾರಿ ಯಾವುದು ಎಂದು ಅಧ್ಯಕ್ಷರನ್ನು ಮೆಲ್ಲಗೆ ವಿಚಾರಿಸಿದರು. ಅಧ್ಯಕ್ಷರು ಸ್ವಲ್ಪ ಹೊತ್ತು ಯೋಚಿಸಿ, “ಐವತ್ತಡಿ ರಸ್ತೆ” ಎಂದರು.

ಧಾತುವಿನ ವಿಷಯದಲ್ಲಿ ನನಗೆ ಇನ್ನೊಂದು ತೊಡಕು ಕಾಣಿಸಿತ್ತು. ‘ಯಾ’ ಎಂದರೆ ಹೋಗು. ಈ ನಗರದಲ್ಲಿ ಯಾರು ಎಲ್ಲಿಗೆ ಹೋಗುತ್ತಿದ್ದಾರೆ? ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆ ಆರೂವರೆಗೆ ಒಬ್ಬರ ಹಿಂದೆ ಒಬ್ಬರು ನಿಂತಿರುವ ಸಾವಿರಾರು ಜನರು ‘ಅನು’ವಿನ ಷರತ್ತನ್ನು ಪೂರೈಸುತ್ತಾರೆ, ಧಾತುವಿನ ಷರತ್ತನ್ನು ಪೂರೈಸುವುದಿಲ್ಲ. ಹೋಗುವವರೆಂದರೆ ಸೈರನ್ ಹಾಕಿಕೊಂಡ ವಾಹನದ ಹಿಂದೆ ಅಂಟಿಕೊಂಡು ನುಗ್ಗುವವರು ಮಾತ್ರ. ಅವರನ್ನೇ ಈ ನಗರದ ವ್ಯಾಕರಣಶುದ್ಧ ಅನುಯಾಯಿಗಳೆಂದು ಹೇಳಬೇಕಾಗುತ್ತದೆ. ರಾಜಕೀಯದ ಅನುಯಾಯಿಯಂತೂ ಹಿಂದೆ ಹೋಗುವುದನ್ನು ಬಿಟ್ಟು ಕಾಲವಾಯಿತು. ನಾಯಕರು ಕಾರಿನಿಂದ ಇಳಿಯುವ ಮೊದಲೇ ಅವನು ಬಾಗಿಲ ಮುಂದಿರುತ್ತಾನೆ, ನಾಯಕರು ಮೆಟ್ಟಿಲು ಹತ್ತುವಾಗ ನಾಲ್ಕು ಮೆಟ್ಟಿಲು ಮೇಲಿನಿಂದ ಹಿಮ್ಮುಖವಾಗಿ ಹತ್ತುತ್ತ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿರುತ್ತಾನೆ, ಕ್ರೇನಿನಿಂದ ಸೇಬಿನ ಹಾರ ಇಳಿದು ಬರುವಾಗ ಹಾರಕ್ಕೂ ನಾಯಕರ ಕೊರಳಿಗೂ ನಡುವೆ ಅವನ ತಲೆ ಇರುತ್ತದೆ. ಇವನಿಗೆ ‘ಅನು’ ಸಲ್ಲದು. ‘ಪುರೋಯಾಯಿ’ ಎಂದು ಹೊಸ ಪದ ಕಟ್ಟೋಣವೇ ಎಂದು ಕೇಳಿದೆ. ಅದು ಪುರೋಹಿತರ ಥರ ಕೇಳಿಸುತ್ತದೆ, ವಿವಾದವಾಗುತ್ತದೆ ಎಂದು ಸಮಿತಿ ಒಪ್ಪಲಿಲ್ಲ.

ಹಿಂದೆ ಹೋಗುವುದು ಈ ನಾಡಿನಲ್ಲಿ ಒಮ್ಮೆ ಬಹಳ ದುಬಾರಿ ಕೆಲಸವಾಗಿತ್ತು. ಬೆಂಗಳೂರಿನ ಹೆಸರು ಕಾಣಿಸುವ ಬೇಗೂರಿನ ಹಳೆಯ ಶಾಸನ ಸುಮಾರು 890ರದು. ಅದರಲ್ಲಿ ಈ ಊರಿನ ಹೆಸರು ಬಂದಿರುವುದು ಅರಮನೆಯ ವರ್ಣನೆಗಾಗಿ ಅಲ್ಲ, ಬೆಂಗಳೂರಿನ ಕಾಳಗದಲ್ಲಿ ಗಂಗರ ಅಧಿಕಾರಿಯಾಗಿದ್ದ ನಾಗತರನ ಕಡೆಯವನು ಸತ್ತ ಎಂಬ ಸುದ್ದಿಯನ್ನು ಹೇಳುವುದಕ್ಕಾಗಿ. ಹೊಯ್ಸಳರ ಕಾಲದಲ್ಲಿ ಗರುಡರೆಂಬ ಅಂಗರಕ್ಷಕರಿದ್ದರು. ಒಡೆಯ ಸತ್ತರೆ ತಾವೂ ಸಾಯುವುದು ಅವರ ವ್ರತ. 1220ರಲ್ಲಿ ಇಮ್ಮಡಿ ಬಲ್ಲಾಳ ತೀರಿಕೊಂಡಾಗ ಕುವರ ಲಕ್ಷ್ಮನೆಂಬವನು ಹೆಂಡತಿ ಮತ್ತು ಸಂಗಡಿಗರೊಡನೆ ಪ್ರಾಣ ಬಿಟ್ಟದ್ದನ್ನು ಹಳೇಬೀಡಿನ ಕಂಬವೊಂದು ಇನ್ನೂ ಹೇಳುತ್ತದೆ. ಆ ವ್ರತವನ್ನು ನಾನು ಹೊಗಳುತ್ತಿಲ್ಲ, ಅದು ಯಾರಿಗೂ ಬೇಡ. ಆದರೆ ಅಂದು ಹಿಂದೆ ಹೋದವನಿಗೆ ಸತ್ತ ಮೇಲೆ ಒಂದು ಕಲ್ಲು ಸಿಗುತ್ತಿತ್ತು, ಇಂದು ಬದುಕಿರುವಾಗಲೇ ಚದರಡಿ ಲೆಕ್ಕದಲ್ಲಿ ಫ್ಲೆಕ್ಸ್ ಸಿಗುತ್ತದೆ. ನಾಯಕರಿಗೆ ಜ್ವರ ಬಂದರೆ ಅನುಯಾಯಿಯ ಮೊಬೈಲ್ ಸ್ವಿಚ್ ಆಫ್ ಆಗುತ್ತದೆ.

ಮೊಬೈಲಿನ ಮಾತು ಬಂದದ್ದರಿಂದ 38 ಸಾವಿರ ಹಿಂಬಾಲಕರ ಒಡೆಯನಾದ ಆ ಹುಡುಗನ ವಿಷಯವನ್ನು ಹೇಳಿಬಿಡಬೇಕು. ಹೋದ ತಿಂಗಳು ಮೈಸೂರು ರಸ್ತೆಯಲ್ಲಿ, ಗಾಳಿ ಆಂಜನೇಯನ ಗುಡಿಯ ಹತ್ತಿರ ಅವನ ಸ್ಕೂಟರಿನಲ್ಲಿ ಪೆಟ್ರೋಲ್ ಮುಗಿಯಿತು. 38 ಸಾವಿರದಲ್ಲಿ ಒಬ್ಬನೂ ಒದಗಲಿಲ್ಲ. ಹಿಂದಿನಿಂದ ಬಂದ ಗುರುತಿಲ್ಲದ ಮನುಷ್ಯನೊಬ್ಬ ತನ್ನ ಬೈಕಿನ ಮೇಲೆ ಕುಳಿತೇ ಒಂದು ಕಾಲನ್ನು ಇವನ ಸ್ಕೂಟರಿಗೆ ಆನಿಸಿ ಪೆಟ್ರೋಲ್ ಬಂಕಿನವರೆಗೆ ತಳ್ಳಿಕೊಂಡು ಹೋಗಿ, ಮುಖವನ್ನೂ ತೋರಿಸದೆ ಮುಂದಕ್ಕೆ ಹೊರಟುಹೋದ. ಬೆಂಗಳೂರಿನಲ್ಲಿ ಹಿಂದೆ ಬರುವವನು ಮಾಡಬಹುದಾದ ಪರಮೋಪಕಾರ ಇದೇ. ಅದಕ್ಕೆ ಈವರೆಗೆ ಯಾರೂ ಹೆಸರಿಟ್ಟಿಲ್ಲ, ಎಣಿಸಿಯೂ ಇಲ್ಲ.

ಎಣಿಕೆ ಇರುವುದು ಮೊಬೈಲಿನವರಿಗೆ ಮಾತ್ರ. 2024ರಲ್ಲಿ ಸರ್ಕಾರ ಹೊರಡಿಸಿದ ಡಿಜಿಟಲ್ ಜಾಹೀರಾತು ಮಾರ್ಗಸೂಚಿಯಲ್ಲಿ ಇಂಥ ಪ್ರಭಾವಿಗಳನ್ನು ಅವರವರ ಹಿಂಬಾಲಕರ ಸಂಖ್ಯೆ ನೋಡಿ ದರ್ಜೆಗಳಾಗಿ ವಿಂಗಡಿಸಲಾಗಿದೆ. ಪದದ ದುರದೃಷ್ಟವನ್ನು ನೋಡಿ: ಅದೇ ‘ಹಿಂಬಾಲಿಸು’ ಕಾನೂನಿನ ಪುಸ್ತಕಕ್ಕೆ ಬಂದರೆ ಅಪರಾಧ. ಹೆಣ್ಣೊಬ್ಬಳು ಒಲ್ಲೆನೆಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಮತ್ತೆ ಮತ್ತೆ ಬೆನ್ನು ಹತ್ತುವುದನ್ನು 2013ರ ತಿದ್ದುಪಡಿಯಲ್ಲಿ ದಂಡ ಸಂಹಿತೆಗೆ 354ಡಿ ಎಂದು ಸೇರಿಸಲಾಯಿತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು, ಮೊದಲ ಸಲಕ್ಕೆ 3 ವರ್ಷದವರೆಗೆ ಸೆರೆವಾಸ. ಅಲ್ಲಿ ಸೆರೆ, ಇಲ್ಲಿ ಎಣಿಕೆ. ರಸ್ತೆಯಲ್ಲಿ ಇಂಥ ಹಿಂಬಾಲಕನೊಬ್ಬ ಬೆನ್ನು ಹತ್ತಿದ್ದಾನೆಂದು ದೂರಿದಾಗ ಬರುವ ಪೊಲೀಸ್ ಗಸ್ತು ವಾಹನಕ್ಕೆ ಈ ಊರಿನಲ್ಲಿ ‘ಹೊಯ್ಸಳ’ ಎಂದು ಹೆಸರು. ಗರುಡರ ನೆನಪು ಯಾರಿಗಾದರೂ ಇದ್ದಿರಬೇಕು.

ಪೊಲೀಸರೆಂದಾಗ ನಮ್ಮ ಬೀದಿಯ ಕೊನೆಯ ಮನೆಯ ಹಿರಿಯರ ನೆನಪಾಗುತ್ತದೆ. ರಾಜ್ಯ ಮೀಸಲು ಪೊಲೀಸ್ ಪಡೆಯಲ್ಲಿ ‘ಫಾಲೋವರ್’, ಅಂದರೆ ಅನುಯಾಯಿ, ಎಂಬ ಹುದ್ದೆಯೇ ಇದೆ. ಅಡುಗೆಯವರು, ಕ್ಷೌರಿಕರು, ಬಟ್ಟೆ ಒಗೆಯುವವರು, ಕಸ ಗುಡಿಸುವವರು ಈ ಹೆಸರಿನಲ್ಲಿ ನೇಮಕವಾಗುತ್ತಾರೆ. ಅರ್ಜಿ ಉಂಟು, ಸಂಬಳ ಉಂಟು. ನಮ್ಮ ಹಿರಿಯರು ಕೋರಮಂಗಲದ ಬೆಟಾಲಿಯನ್ನಿನಲ್ಲಿ 28 ವರ್ಷ ಅಡುಗೆ ಮಾಡಿದವರು. ಎಲ್ಲಿಯೋ ಚುನಾವಣೆ, ಎಲ್ಲಿಯೋ ಗಲಾಟೆ ಎಂದು ಪಡೆ ಹೊರಟರೆ ಅದರ ಹಿಂದೆ ಹಂಡೆ, ಸೌಟು, ಅಕ್ಕಿಮೂಟೆಗಳೊಡನೆ ಇವರು ಲಾರಿ ಹತ್ತಬೇಕು. ಪಡೆ ಮಲಗಿದ ಮೇಲೆ ಮಲಗಿ, ಏಳುವ ಮೊದಲು ಎದ್ದು ಒಲೆ ಹಚ್ಚಬೇಕು. ‘ಅನು’ವನ್ನೂ ‘ಯಾ’ವನ್ನೂ ಅಕ್ಷರಶಃ ದುಡಿದು ತೀರಿಸಿದ ಇಂಥವರು ಇಡೀ ಊರಿನಲ್ಲಿ ಎಷ್ಟು ಮಂದಿ ಸಿಕ್ಕಾರು? ಅವರು ಅಷ್ಟು ವರ್ಷಗಳಲ್ಲಿ ಫೋಟೋ ತೆಗೆಸಿಕೊಂಡದ್ದು ಗುರುತಿನ ಚೀಟಿಗೆ ಮಾತ್ರ. ಸಮಿತಿಯವರು ಹೊರಟ ಮೇಲೆ, ನಮ್ಮ ವಾರ್ಡಿನಲ್ಲಿ ಹೊಸದಾಗಿ 42 ಅನುಯಾಯಿಗಳಾಗಿದ್ದಾರೆ ಎಂದು ನಾನು ಅವರಿಗೆ ತಿಳಿಸಿದೆ. ಅವರು ಸಂತೋಷಪಟ್ಟು, “ಯಾವ ಬೆಟಾಲಿಯನ್ನು ಸಾರ್?” ಎಂದು ಕೇಳಿದರು.

ಈ ಫ್ಲೆಕ್ಸನ್ನು ಕಟ್ಟುವುದು ಕಾನೂನಿಗೆ ವಿರುದ್ಧವಲ್ಲವೆ ಎಂದು ಕೇಳುವುದನ್ನು ನಾನು ಮರೆತಿರಲಿಲ್ಲ. ತೆರೆದ ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು ರಾಜ್ಯದಲ್ಲಿ 1981ರಲ್ಲಿಯೇ ಕಾನೂನು ಬಂದಿದೆ. 2016ರ ಮಾರ್ಚಿನ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಫ್ಲೆಕ್ಸೂ ಇದೆ. 2018ರ ಆಗಸ್ಟಿನಲ್ಲಿ ಹೈಕೋರ್ಟ್ ಗದರಿಸಿದ ಮೇಲೆ ಪಾಲಿಕೆಯ ಸಿಬ್ಬಂದಿ ಊರ ತುಂಬ ಹತ್ತಿ ಇಳಿದು ಕಿತ್ತಾಗ, ಕೆಲವು ವೃತ್ತಗಳಲ್ಲಿ ಮರಗಳೂ ಇವೆ ಎಂಬುದು ಬೆಂಗಳೂರಿಗೆ ತಿಳಿದುಬಂದಿತ್ತು. ಇಷ್ಟು ಕಾನೂನುಗಳಿಗೆ ಈ ಊರಿನಲ್ಲಿ ಒಬ್ಬ ಅನುಯಾಯಿಯೂ ಹುಟ್ಟಲಿಲ್ಲವಲ್ಲ ಎಂದಾಗ ಅಧ್ಯಕ್ಷರು, “ಕಾನೂನು ಯಾರಿಗೂ ಏನೂ ಮಾಡಿಕೊಡಲ್ಲ ಸಾರ್, ನಮ್ಮ ಅಣ್ಣ ರೇಷನ್ ಕಾರ್ಡ್ ಮಾಡಿಸಿಕೊಡ್ತಾರೆ” ಎಂದರು. ಆ ರಾತ್ರಿಯಿಡೀ ನನಗೆ ಉತ್ತರ ಹೊಳೆಯದ ಮಾತು ಅದೊಂದೇ.

ಮೂರು ದಿನಗಳ ಮೇಲೆ ಫ್ಲೆಕ್ಸ್ ವೃತ್ತದಲ್ಲಿ ಎದ್ದು ನಿಂತಿತು. ಮುಖಗಳನ್ನು ದುಂಡಗೆ ಕತ್ತರಿಸಿ ಸಾಲಾಗಿ ಜೋಡಿಸಿದ್ದರಿಂದ ದೂರಕ್ಕೆ ಅವು 42 ಸೊನ್ನೆಗಳಂತೆ ಕಾಣುತ್ತಿದ್ದವು. ಕನ್ನಡ ವರ್ಣಮಾಲೆಯಲ್ಲಿಯೂ ಇಂಥ ಒಂದು ಸೊನ್ನೆಯಿದೆ. ಅನುಸ್ವಾರ ಎಂದು ಅದರ ಹೆಸರು. ತಾನಾಗಿ ನಿಲ್ಲಲಾರದು, ಹಿಂದೊಂದು ಸ್ವರವಿದ್ದರೆ ಅದನ್ನು ಹಿಡಿದುಕೊಂಡು ‘ಮ್’ ಎನ್ನುತ್ತದೆ. ಹತ್ತಿರ ಹೋಗಿ ಕನ್ನಡಕ ಏರಿಸಿ ಕೆಳಗಿನ ಸಾಲನ್ನು ಓದಿದೆ. ‘ಸಮಸ್ತ ಅನ್ಯಾಯಿಗಳು’ ಎಂದು ಕೆಂಪು ಅಕ್ಷರದಲ್ಲಿ, ಹಳದಿ ಅಂಚಿನೊಡನೆ, ಅಂದವಾಗಿ ಮೂಡಿತ್ತು. ಫ್ಲೆಕ್ಸ್ ಅಂಗಡಿಯ ಹುಡುಗ ನಾನು ಬರೆದುಕೊಟ್ಟ ಚೀಟಿಯನ್ನು ಕಳೆದುಕೊಂಡು ಫೋನಿನಲ್ಲಿ ಕೇಳಿ ಬರೆದುಕೊಂಡನಂತೆ.

ಓಡಿಹೋಗಿ ಅಧ್ಯಕ್ಷರಿಗೆ ಹೇಳಿದೆ. ಅವರಿಗೆ ಆಗಲೇ ಒಂದು ದೂರು ಬಂದಿದ್ದು, ಅದರ ವಿಚಾರಣೆಯಲ್ಲಿದ್ದರು: ಎರಡನೆಯ ಸಾಲಿನ 17ನೆಯ ಮುಖವೂ 18ನೆಯ ಮುಖವೂ ಅದಲುಬದಲಾಗಿದ್ದವು. ಅಕ್ಷರದ ವಿಷಯವನ್ನು ನಾನು ಮತ್ತೊಮ್ಮೆ ಒತ್ತಿ ಹೇಳಿದಾಗ, “ಇರಲಿ ಬಿಡಿ ಮೇಷ್ಟ್ರೇ, ಹೆಚ್ಚುಕಡಿಮೆ ಅದೇ ಅಲ್ಲವಾ” ಎಂದರು. ರಾಜ್ಯೋತ್ಸವದ ವಾರವಿಡೀ ಆ ವೃತ್ತವನ್ನು ಹಾದುಹೋದ ಕನ್ನಡಿಗರಲ್ಲಿ ಒಬ್ಬರೂ ಆಕ್ಷೇಪಿಸಲಿಲ್ಲ. ಕೆಲವರು ಓದಿರಬೇಕು, ಸರಿಯಾಗಿದೆ ಎಂದುಕೊಂಡಿರಬೇಕು.

ಫ್ಲೆಕ್ಸ್ ಯಾವ ರಾತ್ರಿ ಮಾಯವಾಯಿತೋ ಗೊತ್ತಿಲ್ಲ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿದ್ದಾಗ ಅದು ಮತ್ತೆ ಎದುರಾಯಿತು. ಸಂಜೆ ತುಂತುರು ಮಳೆ ಹಿಡಿದಿತ್ತು. ದೊಡ್ಡ ಗಣೇಶನ ಗುಡಿಯ ಇಳಿಜಾರಿನಲ್ಲಿ ರೈತನೊಬ್ಬ ಕಡಲೆಕಾಯಿಯ ರಾಶಿಯ ಮೇಲೆ ಅದನ್ನು ಅಡ್ಡಕ್ಕೆ ಮಡಿಸಿ ಹೊದಿಸಿದ್ದ. ಮಡಿಕೆಯ ಮುಂಭಾಗದಲ್ಲಿ ನಾಯಕರು ಕೈಮುಗಿದು ತೋಯುತ್ತಿದ್ದರು. 42 ಮಂದಿಯೂ ತಮ್ಮ ಸಾಲಿನೊಡನೆ ಅವರ ಹಿಂದಕ್ಕೆ, ಒಳಮಗ್ಗುಲಿಗೆ ಹೋಗಿ ಬೆಚ್ಚಗಿದ್ದರು. ಪದಕ್ಕೆ ಮೂಲಾರ್ಥ ಬಂದ ಆ ಗಳಿಗೆಯನ್ನು ನೋಡುತ್ತ ನಿಂತುಬಿಟ್ಟಿದ್ದರಿಂದ, ಇವನು ಫ್ಲೆಕ್ಸಿನ ಕಡೆಯವನಿರಬೇಕು, ವಾಪಸು ಕೇಳಲು ಬಂದಿದ್ದಾನೆ ಎಂದು ರೈತ ಹೆದರಿದಂತೆ ಕಂಡಿತು. ಒಂದು ಸೇರು ಅಳೆದು ಹಾಕಪ್ಪ ಎಂದೆ. ಅವನು ನಿರಾಳನಾಗಿ ಮಡಿಕೆಯ ತುದಿಯನ್ನು ಎತ್ತಿ ಕೈ ಹಾಕುತ್ತ, “ಒಳ್ಳೇ ಮಾಲು ಸಾಮಿ, ಒಂದು ಹನಿ ಕೆಳಕ್ಕೆ ಇಳಿಯಲ್ಲ” ಎಂದ.